ಹದಿನಾಲ್ಕನೇ ಹೋಳು

ಔಲು ಪಟ್ಟಣ, ಜನವರಿ. ಮಧ್ಯಾಹ್ನ ಎರಡೂವರೆಗೇ
ಸೂರ್ಯ ಅಂಗಡಿ ಮುಚ್ಚಿ ಹೋದನಂತೆ.
ನನಗೇನು, ಈ ಕೋಣೆಗೆ ಕಿಟಕಿಯೇ ಇಲ್ಲ.
ಎರಡು ಪರದೆ, ಒಂದು ಕುರ್ಚಿ, ಆರಿದ ಕಾಫಿ,
ಮತ್ತೆ ನೀನು,
ಪರದೆಯ ಮೂಲೆಯ ಗುಂಡಿಯೊಳಗೆ
ಕರೆಯುವ ತನಕ ತುಟಿ ಬಿಚ್ಚದ ನೀನು.

ಇಲ್ಲಿಯ ಕಟ್ಟಳೆ: ಮೊದಲು ಮನುಷ್ಯರ ಕಣ್ಣು.
ಅಂಕ ಬರೆದು, ಬೀಗ ಹಾಕಿ, ಆಮೇಲೆ ನಿನ್ನನ್ನು ಕೇಳಬೇಕು,
ಸೊಸೆ ಉಪ್ಪು ಹಾಕಿದ ಮೇಲೆ
ಅತ್ತೆ ಸೌಟು ನೆಕ್ಕಿ ನೋಡಿದ ಹಾಗೆ.

ಇಂದಿನ ಹದಿನೇಳನೆಯವರು ಎಲ್ಯಾಸ್ ಹಾತಾಯಾ, ಅರವತ್ತೆಂಟು.
ರಕ್ತದ ಅಂಕಿ ನಾಲ್ಕು ವರ್ಷದಿಂದ ಮೆಟ್ಟಿಲು ಹತ್ತುತ್ತಿದೆ.
ಎರಡು ಸಲ ಸೂಜಿ ಹೋಗಿ ಬರಿಗೈಲಿ ಬಂದಿದೆ.
ಚೀಟಿಯಲ್ಲಿ ಇಷ್ಟೇ.
ಮೂವತ್ತೊಂದು ಚಳಿಗಾಲ ಮಂಜುಗಡ್ಡೆ ಒಡೆಯುವ ಹಡಗಿನ ಚುಕ್ಕಾಣಿ ಹಿಡಿದಿದ್ದನ್ನು
ಸುರಂಗಕ್ಕೆ ಸರಿಯುವ ಮುನ್ನ ಮಾರ್ಕೆತ್ತಾಳಿಗೆ ಹೇಳಿದರಂತೆ:
"ಬಿಳಿಯದಕ್ಕೆ ನಾನು ಹೆದರಿದವನಲ್ಲ ತಾಯಿ.
ಬೂದು ಬಣ್ಣದ್ದು ನೋಡು, ಅದರಲ್ಲೇ ಏಳು ಬಗೆ.
ಒಂದು ಹೊರುತ್ತದೆ, ಒಂದು ನುಂಗುತ್ತದೆ."

ಅಕ್ರೋಟಿನಷ್ಟು ಗ್ರಂಥಿ. ಮೂರು ಮಿಲಿಮೀಟರಿಗೊಂದು ಹೋಳು.
ಹೊರ ಅಂಚು ಬೆಳ್ಳಗೆ, ಒದ್ದೆ ಹತ್ತಿಯಂತೆ. ಸರಿ.
ಒಳಗೆ ವಯಸ್ಸಿನ ಗಂಟುಗಳು,
ಸೌನಾದ ಹಲಗೆಯ ಮೇಲೆ ಒತ್ತಿ ಕೂತ ಮುದುಕರು. ಅವೂ ಸರಿ.
ಎರಡು ಎಂದು ಬರೆದೆ. ಬೀಗ ಹಾಕಿದೆ.
ಗುಂಡಿ ಒತ್ತಿದೆ.

ಮುಂಭಾಗದಲ್ಲಿ, ವೈದ್ಯರ ಬೆರಳು ಎಂದೂ ಮುಟ್ಟದ
ಆ ಮೂಲೆಯಲ್ಲಿ, ಒಂದು ಕೆಂಪು ಉಂಗುರ.
ಪಕ್ಕದಲ್ಲಿ: ಎಂಬತ್ತೊಂದು.

ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ.
ಇಪ್ಪತ್ತೆರಡು ವರ್ಷದ ಕಣ್ಣು ನನ್ನದು.
ನೀನೋ, ಬೆಳಿಗ್ಗೆ ಒಂಬತ್ತನೆಯವರಲ್ಲಿ
ಹಳೆಯ ಸೂಜಿ ಬಿಟ್ಟುಹೋದ ರಕ್ತದ ಕಲೆಗೆ
ತೊಂಬತ್ತು ಕೊಟ್ಟು ಹಗ್ಗವನ್ನು ಹಾವೆಂದೆ.
ಉಂಗುರ ಅಳಿಸಿದ್ದೆ. ಮಾರ್ಕೆತ್ತಾಳನ್ನು ಕರೆದು ತೋರಿಸಿ ನಕ್ಕಿದ್ದೆ.

ಮತ್ತೆ ನೋಡಿದೆ. ನಿನಗಾಗಿ ಅಲ್ಲ.
ಹದಿಮೂರು, ಹದಿನಾಲ್ಕು, ಹದಿನೈದು. ಹಿಂದಕ್ಕೆ, ಹದಿನಾಲ್ಕು.
ಇತ್ತು.
ಇದ್ದಿಲ ಗೆರೆಯನ್ನು ಹೆಬ್ಬೆರಳಲ್ಲಿ ತಿಕ್ಕಿದಂತೆ
ಅಂಚಿಲ್ಲದ ಒಂದು ಮಬ್ಬು,
ಬೂದಿಯೊಳಗೆ ಇನ್ನೊಂದು ಬೂದಿ.
ಬೂದಿ ಮುಚ್ಚಿದ ಕೆಂಡ ಅನ್ನುವುದು ಎಷ್ಟು ಸಲೀಸು,
ಕೆಂಡ ಕಂಡ ಮೇಲೆ.

ನಿನಗೆ ಹೇಗೆ ಕಂಡಿತು? ಕೇಳಿದರೆ ಹೇಳಲಾರೆ.
ಸಾವಿರಾರು ಗಂಡಸರ ಹೋಳುಗಳನ್ನು ಉಂಡು ಬೆಳೆದೆ,
ಒಬ್ಬರ ಹೆಸರೂ ಗೊತ್ತಿಲ್ಲ ನಿನಗೆ.
ಬಿಡು, ಹದಿನಾರನೆಯವರ ಹೆಸರು ನನಗೂ ಈಗಲೇ ಮರೆತಿದೆ.

ಬೀಗ ಹಾಕಿದ ಎರಡು ಅಲ್ಲೇ ಉಳಿಯುತ್ತದೆ, ಅಳಿಸುವಂತಿಲ್ಲ.
ಅದರ ಕೆಳಗೆ ನಾಲ್ಕು ಎಂದು ಬರೆದೆ.
ಈ ಸಲ ಸೂಜಿ ಎಲ್ಲಿಗೆ ಹೋಗಬೇಕೆಂದು ಬಾಣ ಬಿಡಿಸಿದೆ.
ಹಿಲ್ಕಾ ರುವೋನಲಾ, ಸಹಿ.
ಸಹಿಗೆ ಇರುವುದು ಒಂದೇ ಗೆರೆ.

ಕಾಫಿ ಬಿಸಿ ಮಾಡಲು ಹೊರಗೆ ಬಂದರೆ
ಟ್ಯಾಕ್ಸಿಗೆ ಕಾಯುತ್ತ ಕೂತಿದ್ದಾರೆ, ಬೂಟಿನ ಲೇಸು ಬಿಗಿಯುತ್ತ.
ನಾನು ಯಾರೆಂದು ಅವರಿಗೆ ಗೊತ್ತಿಲ್ಲ.
"ಹಿಮ ನಿಂತಿತೇನಮ್ಮ?"
"ಗೊತ್ತಿಲ್ಲ, ನನಗೆ ಕಿಟಕಿ ಇಲ್ಲ."
"ಓ," ಎಂದು ಎದ್ದರು ಎಲ್ಯಾಸ್,
"ಇರಿ, ನಾನು ನೋಡಿ ಬಂದು ಹೇಳುತ್ತೇನೆ."