ಟಪಾಲು ಮೇಜಿನಿಂದ

ಕೆರಿಯಪ್ಪ ತಂದ ಮೊದಲ ಅರ್ಜಿಯಲ್ಲಿ
'ಕಡಿಯಿರಿ' ಎಂಬ ಮಾತೇ ಇರಲಿಲ್ಲ.
'ಸದರಿ ಸಾಲುಧೂಪದ ಮರವನ್ನು
ದಯವಿಟ್ಟು ಇಳಿಸಿಕೊಡಬೇಕಾಗಿ ಕೋರಿಕೆ' —
ಅಟ್ಟದಿಂದ ಹಳೆ ಹಂಡೆ ಇಳಿಸಿಕೊಡಿ ಎಂದ ಹಾಗೆ.

ಮೊಹರು ಒತ್ತಿದೆ. ಆವಕ ಸಂಖ್ಯೆ ನಾನೂರ ಹದಿನೇಳು.
ಸಾಗರದ ನಗರಸಭೆಯಲ್ಲಿ ನನ್ನ ಕೆಲಸ ಅಷ್ಟೇ:
ಬಂದದ್ದನ್ನು ಬಂತು ಎಂದು ಬರೆಯುವುದು.

"ಒಳಗೆ ಪೊಳ್ಳು ಕಣ್ರಮ್ಮ," ಅಂದ.
"ಸ್ಪ್ಯಾನರಲ್ಲಿ ತಟ್ಟಿದ್ರೆ ಡಬ್ಬ ತಟ್ಟಿದ ಹಾಗೆ.
ಇಪ್ಪತ್ತಾರು ವರ್ಷ ಅದರ ಮೈಗೇ ಟ್ಯೂಬು ನೇತುಹಾಕಿದೀನಿ.
ಮೊಳೆ ಹೊಡೆದವನೂ ನಾನೇ,
ದೂರು ಕೊಡೋನೂ ನಾನೇ. ನೋಡಿ, ಹೆಂಗಿದೆ."
ಗ್ರೀಸಿನ ಹೆಬ್ಬೆಟ್ಟು ಕಾಗದದ ಮೂಲೆಯಲ್ಲಿ
ಸಹಿಗಿಂತ ಸ್ಪಷ್ಟವಾಗಿ ಕೂತಿತ್ತು.

ಅದೇ ವಾರ ಪರಿಸರ ಬಳಗದ ನಿವೃತ್ತ ಮೇಷ್ಟ್ರು ಬಂದರು:
ಆ ಬೀದಿಯ ಸಾಲುಧೂಪ ಒಂದನ್ನೂ ಮುಟ್ಟಬಾರದು.
ಅವರ ಕಾಗದಕ್ಕೂ ಅದೇ ಮೊಹರು, ಅಷ್ಟೇ ಜೋರು.
ನಾನೂರ ಹತ್ತೊಂಬತ್ತು.
ಇಬ್ಬರೂ ನಿಜವನ್ನೇ ಬರೆದಿದ್ದರು.
ತಟ್ಟಿ ನೋಡಲು ಮಾತ್ರ ಯಾರೂ ಹೋಗಲಿಲ್ಲ,
ನನ್ನನ್ನೂ ಸೇರಿಸಿ.

ಅರ್ಜಿ ಹೊರಟಿತು.
ಮರ ಅರಣ್ಯದವರದು ಎಂದು ಲೋಕೋಪಯೋಗಿಯವರು,
ರಸ್ತೆ ಲೋಕೋಪಯೋಗಿಯವರದು ಎಂದು ಅರಣ್ಯದವರು,
ತಂತಿಗೆ ತಾಗುವ ರೆಂಬೆಯಷ್ಟೇ ನಮ್ಮದು,
ಬುಡ ನಮಗೆ ಸಂಬಂಧಪಟ್ಟದ್ದಲ್ಲ ಎಂದು ಮೆಸ್ಕಾಂ.
ಸೂಕ್ತ ಕ್ರಮಕ್ಕಾಗಿ ಮತ್ತೆ ನಮ್ಮಲ್ಲಿಗೆ.
ಗಾಣದೆತ್ತು ಸುತ್ತಿದರೆ ಒಂದಿಷ್ಟು ಎಣ್ಣೆಯಾದರೂ ಬರುತ್ತದೆ.

ಒಂದು ದಿನ ಯಾರೋ ಬಂದು
ಬುಡಕ್ಕೆ ಕೆಂಪು ಬಣ್ಣದಲ್ಲಿ ಮೂವತ್ತೆಂಟು ಎಂದು ಬರೆದು ಹೋದರು.
ಕೆರಿಯಪ್ಪ ಓಡಿ ಬಂದ:
"ನಂಬರ್ ಬಿತ್ತಮ್ಮ!"
ಲಾಟರಿ ಹೊಡೆದವನ ಮುಖ.
ಆಮೇಲೆ ಪುನರ್ವಸು ಹೊಯ್ದು, ಪುಷ್ಯ ಹೊಯ್ದು
ಎಂಟು ತೊಳೆದುಹೋಗಿ
ಮೂರು ಮಾತ್ರ ಉಳಿಯಿತು.

ಬಿದ್ದದ್ದು ಮಳೆಯಲ್ಲಲ್ಲ, ಗಾಳಿಯಲ್ಲೂ ಅಲ್ಲ.
ಹೊಳವಾದ ಒಂದು ಬುಧವಾರ, ಹನ್ನೊಂದೂವರೆ.
ಕೆರಿಯಪ್ಪ ನನ್ನ ಮೇಜಿನ ಮುಂದೆಯೇ ನಿಂತಿದ್ದ,
ನಾಲ್ಕನೇ ಅರ್ಜಿಯ ಮಡಿಕೆ ಬಿಡಿಸುತ್ತ.
"ಈ ಸಲ ಕಡಿಯಿರಿ ಅಂತಲೇ ಬರೆಸಿದೀನಿ."
ತಲೆಯ ಮೇಲಿನ ಫ್ಯಾನು ನಿಧಾನವಾಯಿತು, ನಿಂತಿತು.
"ಕರೆಂಟು ಹೋಯ್ತು," ಎಂದೆ.
ಅಷ್ಟೇ ಅಂದೆ.

ಅಂಗಡಿಯಲ್ಲಿ ಹುಡುಗ ಇಮ್ತಿಯಾಜ್ ಒಬ್ಬನೇ ಇದ್ದ,
ಯಾರದೋ ಸ್ಕೂಟರಿನ ಚಕ್ರ ಬಿಚ್ಚುತ್ತ.
ಬದುಕಿದ್ದಾನೆ.
ಎಡಗಾಲು, ಮಂಡಿಯಿಂದ ಕೆಳಗೆ,
ಮಣಿಪಾಲದಲ್ಲೇ ಉಳಿಯಿತು.

ಎರಡು ಗಂಟೆಗೆಲ್ಲ ಎಲ್ಲರೂ ಬಂದಿದ್ದರು.
ಗರಗಸ ಬಂತು, ಜೆಸಿಬಿ ಬಂತು,
ಮೂರು ಇಲಾಖೆಯ ಮೂರು ಜೀಪು.
ಬುಡಕ್ಕೆ ಒಡೆಯರಿಲ್ಲದ ಮರದ
ದಿಮ್ಮಿಗೆ ಟೇಪು ಹಿಡಿದು ಸುತ್ತಳತೆ ಬರೆದುಕೊಂಡರು.
ಪೊಳ್ಳಿನೊಳಗೆ ಗೆದ್ದಲು, ಹೆಪ್ಪುಗಟ್ಟಿದ ರಾಳ,
ತುಕ್ಕು ಹಿಡಿದ ಒಂದು ಮೊಳೆ.
ಇಡೀ ಬೀದಿ ದೇವರಮನೆಯ ಹಾಗೆ ಘಮ್ಮೆನ್ನುತ್ತಿತ್ತು.
ನನಗೆ ಹೊಟ್ಟೆ ತೊಳೆಸಿತು.

ಶುಕ್ರವಾರ ಕಡತ ನನ್ನ ಮೇಜಿಗೆ ಮರಳಿತು.
ಹಸಿರು ಶಾಯಿಯಲ್ಲಿ ಷರಾ:
'ಅರ್ಜಿದಾರರ ಕೋರಿಕೆಯಂತೆ ಮರ ತೆರವಾಗಿದೆ.
ಕಡತ ಮುಕ್ತಾಯ.'
ಸುಳ್ಳು ಎನ್ನುವಂಥ ಒಂದಕ್ಷರವೂ ಇಲ್ಲ ಅದರಲ್ಲಿ.
ಕಾಗುಣಿತ ಕೂಡ ಸರಿಯಿದೆ.

ಈಗ ಬಸ್‌ಸ್ಟ್ಯಾಂಡಿನಿಂದ ನಡೆದು ಬರುವಾಗ
ಮೂವತ್ತೊಂಬತ್ತರ ಮುಂದೆ ನಿಲ್ಲುತ್ತೇನೆ.
ಊಟದ ಡಬ್ಬಿಯ ಚಮಚ ತೆಗೆದು ತಟ್ಟಿ ಕಿವಿಗೊಡುತ್ತೇನೆ.
ಶಾಲೆಗೆ ಹೋಗುವ ಮಕ್ಕಳು ನಗುತ್ತಾರೆ.
ಗಟ್ಟಿ ಮರದ ಸದ್ದು ಹೇಗಿರುತ್ತದೆ ಎಂದು
ಯಾರೂ ನನಗೆ ಹೇಳಿಕೊಟ್ಟಿಲ್ಲ.

ನಿನ್ನೆ ಒಂದು ಅರ್ಜಿ ಬರೆದೆ.
ನಾನೇ ಕೊಟ್ಟೆ, ನಾನೇ ತೆಗೆದುಕೊಂಡೆ,
ಮೊಹರು ಒತ್ತಿ ಸಂಖ್ಯೆ ಹಾಕಿದೆ.
ಮ್ಯಾನೇಜರ್ ಗಾಮಪ್ಪನವರು ಕನ್ನಡಕ ಹಣೆಗೇರಿಸಿ
"ಯಾರಮ್ಮ ಇದು, ಅರ್ಜಿದಾರರು?" ಎಂದರು.
ಉತ್ತರ ಕೊಡುವ ಮೊದಲು
ಒಮ್ಮೆ ಮೇಲೆ ನೋಡಿದೆ.
ಫ್ಯಾನು ತಿರುಗುತ್ತಿತ್ತು, ಇನ್ನೂ.