ಇದ್ಯಾ

ಲಿಂಗಸುಗೂರು ರಸ್ತೆಯ ನಮ್ಮ ಶಾಖೆಗೆ ಅವಳು ಬರುವುದು
ಹನ್ನೊಂದರ ಬಿಸಿಲಲ್ಲಿ, ಫೈಲನ್ನು ತಲೆಗೆ ನೆರಳು ಹಿಡಿದು.
ಚಿಸೋಮೊ ಬಾಂಡಾ. ಮಲಾವಿ ದೇಶ.
ಕೃಷಿ ವಿಶ್ವವಿದ್ಯಾಲಯ, ಬೀಜ ವಿಜ್ಞಾನ, ಎರಡನೇ ವರ್ಷ.
"ರೊಕ್ಕ ಬಂತೇನ್ರಿ ಮೇಡಂ?"
ರಾಯಚೂರಲ್ಲಿ ಅವಳು ಮೊದಲು ಕಲಿತ ಸಾಲು ಅದು.
ಎರಡನೆಯದು "ನಾಳೆ ಬರ್ರಿ".
ಅದನ್ನು ಕಲಿಸಿದವರು ನಾವು.

ಹತ್ತು ದಿನದಿಂದ ರೊಕ್ಕ ದಾರಿಯಲ್ಲಿದೆ.
ಲಿಲೋಂಗ್ವೆ ಬಿಟ್ಟದ್ದು ನಿಜ, ರಸೀದಿ ಅವಳ ಫೋನಿನಲ್ಲಿದೆ.
ನ್ಯೂಯಾರ್ಕಿನ ಯಾವುದೋ ಬ್ಯಾಂಕು ಅದನ್ನು ತಡೆದು ನಿಲ್ಲಿಸಿ,
ಮೈ ಸವರಿ ನೋಡಿ, ತನ್ನ ಪಾಲು ಮುರಿದುಕೊಂಡು
ಮುಂಬೈಗೆ ದಾಟಿಸಿತು.
ಮುಂಬೈ ಕೇಳಿತು:
ಬಾಂಡಾ ಚಿಸೋಮೊನೋ, ಚಿಸೋಮೊ ಬಾಂಡಾನೋ?
ಆಕಿನೇ ಈಕಿರೀ ಎಂದು ಬರೆಯಲು
ಆ ಫಾರಂನಲ್ಲಿ ಜಾಗವಿಲ್ಲ.

ವೀಸಾ ಪ್ರತಿ ಕಳಿಸಿದೆ, ನೋಂದಣಿಯ ಪ್ರತಿ ಕಳಿಸಿದೆ,
ಹಾಸ್ಟೆಲ್ ಪತ್ರ, ಸೀಲು ಇಲ್ಲದ್ದು, ಆಮೇಲೆ ಸೀಲು ಬಿದ್ದದ್ದು.
ಊರಿನ ಖಾತೆಯಲ್ಲಿ ಅವಳದೇ ಒಂದಿಷ್ಟು ಇದೆಯಂತೆ,
ಆದರೆ ಓಟಿಪಿ ಹೋಗುವುದು ಅಲ್ಲಿಯ ಸಿಮ್ಮಿಗೆ,
ಸಿಮ್ಮು ಅಕ್ಕನ ಹತ್ತಿರ,
ಅಕ್ಕ ಸರೋವರದ ದಂಡೆಯಲ್ಲಿ ಮೀನು ಒಣಹಾಕುವಲ್ಲಿ
ಸಿಗ್ನಲ್ಲು ಬರುವುದು ಗಾಳಿ ಬಂದರೆ.
ಮ್ಯಾನೇಜರ್ ಶೇಕ್ಷಾವಲಿ ಸಾಹೇಬರು ಒಳಗಿನಿಂದಲೇ ಕೂಗಿದರು,
"ನಮ್ಮ ಬ್ರಾಂಚಿಗೆ ಇಂಥ ಖಾತೆ ಅದ ಒಂದೇ ನೋಡ್ರಿ, ಕೆಡಿಸಬ್ಯಾಡ್ರಿ."
ಚಹಾ ಬಂತು, ಎರಡು ಕಪ್ಪು.

ಕಾಯುತ್ತಾ ಅವಳು ಪರ್ಸಿನಿಂದ ತನ್ನ ದೇಶದ ನೋಟು ತೆಗೆದಳು.
"ಕ್ವಾಚಾ. ಬೆಳಗಾಯಿತು ಅಂತ ಅರ್ಥ."
ಚಿಲ್ಲರೆಗೇನಂತೀರಿ?
"ತಂಬಾಲಾ. ಹುಂಜ. ನೂರು ಹುಂಜಕ್ಕೆ ಒಂದು ಬೆಳಗು."
ಆಮೇಲೆ ಕಪ್ಪಿನ ತಳ ನೋಡುತ್ತಾ,
"ಈಗ ಹುಂಜ ಯಾರೂ ಮುಟ್ಟೋದಿಲ್ಲ ಮೇಡಂ.
ಬೆಳಗೂ ಅಗ್ಗ ಆಗಿದೆ."
ತನ್ನ ಕೋಳಿ ಕೂಗಿದರೇ ಬೆಳಗು ಅಂದುಕೊಂಡ ಮುದುಕಿಯ ಕತೆ
ಅರ್ಧ ಇಂಗ್ಲಿಷಿನಲ್ಲಿ ಹೇಳಿದೆ.
ನಕ್ಕಳು. "ಆ ಮುದುಕಿ ನಮ್ಮ ರಿಸರ್ವ್ ಬ್ಯಾಂಕಿನಲ್ಲಿದ್ದಾಳೆ."

ನಾನು ಸಣ್ಣವಳಿದ್ದಾಗ ದೇವದುರ್ಗಕ್ಕೆ
ಪುಣೆಯಿಂದ ಸೋದರಮಾವನ ಮನಿಯಾರ್ಡರ್ ಬರುತ್ತಿತ್ತು.
ಅಂಚೆ ಅಂಬಣ್ಣ ರೊಕ್ಕ ಎಣಿಸಿ ಕೊಟ್ಟುಬಿಡುತ್ತಿದ್ದ,
ಕೆಳಗಿನ ಚೀಟಿಯ ಎರಡು ಸಾಲು ಮಾತ್ರ
ಮಜ್ಜಿಗೆ ಬಂದ ಮೇಲೆ ಓದುತ್ತಿದ್ದ.
ಅವ್ವ ರೊಕ್ಕ ಸೆರಗಿಗೆ ಕಟ್ಟಿ
ಮಜ್ಜಿಗೆಗೆ ಓಡುತ್ತಿದ್ದಳು.

ಎರಡೂವರೆಗೆ ಮುಂಬೈಯಿಂದ ಮತ್ತೆ ಮೇಲ್.
ಹೆಸರು ಒಪ್ಪಿದೆ. ಆದರೆ ಕಳಿಸಿದವರ ಷರಾದಲ್ಲಿ
ಇಂಗ್ಲಿಷಿನ ನಾಲ್ಕಕ್ಷರವಿದೆ, ಯಾವ ಸಂಕೇತಪಟ್ಟಿಯಲ್ಲೂ ಇಲ್ಲ,
ವಿವರಣೆ ಬೇಕು, ಅಲ್ಲಿಯತನಕ ಪಾವತಿ ಇಲ್ಲ.
ಕೂಡಿಸಿ ಓದಿದೆ. ಇದ್ಯಾ.
ಬೆಂಗಳೂರಿನವರು ಕೇಳಿದ ಹಾಗಿತ್ತು,
ಇದ್ಯಾ? ಕೈಯಲ್ಲಿ ಏನಾದ್ರೂ ಇದ್ಯಾ?
ಪರದೆಯನ್ನು ಅವಳ ಕಡೆ ತಿರುಗಿಸಿದೆ.

ಬಹಳ ಹೊತ್ತು ನೋಡಿದಳು.
"ಉಣ್ಣು ಅಂತ," ಅಂದಳು.
"ಅಮ್ಮನ ಮಾತು. ಅಕ್ಕ ಟೈಪ್ ಮಾಡಿದ್ದಾಳೆ."

ಹದಿನಾಲ್ಕು ವರ್ಷದ ನೌಕರಿಯಲ್ಲಿ ಕಲಿತ ಭಾಷೆಯಲ್ಲಿ ಬರೆದೆ:
ಸದರಿ ಪದವು ಚಿಚೇವಾ ಭಾಷೆಯದಾಗಿದ್ದು
ಉಣ್ಣು ಎಂಬ ಅರ್ಥ ಕೊಡುತ್ತದೆ.
ಆಕ್ಷೇಪಾರ್ಹವಲ್ಲ. ಪಾವತಿಸಬಹುದು.

ಮೂರೂ ನಲವತ್ತಕ್ಕೆ ಜಮೆ. ಲೆಕ್ಕಕ್ಕಿಂತ
ಸಾವಿರದ ಆರುನೂರು ಕಡಿಮೆ.
"ಎಲ್ಲಿ ಹೋಯ್ತು?"
ದಾರಿ ಉಂಡಿತು, ಅಂದೆ.
ಮೆಸ್ಸಿನ ಬಾಕಿಗಾಗುವಷ್ಟು ತೆಗೆದು, ಎರಡು ಸಲ ಎಣಿಸಿ,
ಗಾಜಿನ ಸಂದಿಯಿಂದ ಪೆನ್ನು ವಾಪಸು ಕೊಟ್ಟು ಹೋದಳು.

ನನ್ನ ಡಬ್ಬಿ ಇನ್ನೂ ಮೇಜಿನ ಕೆಳಗೇ ಇತ್ತು.
ಕಟಕ ರೊಟ್ಟಿ, ಗುರೆಳ್ಳು ಪುಡಿ.
ನಾಲ್ಕು ಗಂಟೆಗೆ ಬಿಚ್ಚಿದೆ.