ಇತರೆ

ಮೂರು ದಿನದ ಕೆಲಸ, ದಿನಕ್ಕ ಆರನೂರ.
ಬನಹಟ್ಟಿ ಬಸ್ ಸ್ಟ್ಯಾಂಡಿನ ಎದುರಿಗೆ, ಬೇವಿನ ಗಿಡದ ಬುಡಕ
ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ಪ್ಯಾಡು,
ದಾರ ಕಟ್ಟಿದ ಪೆನ್ನು.
ಬಂದದ್ದಕ್ಕೊಂದು ಗೀಟು, ಐದಕ್ಕೊಂದು ಅಡ್ಡಗೀಟು.
ಮಗ್ಗ ಮಾರಿದ ಮ್ಯಾಲೆ ನನಗ ಸಿಕ್ಕ
ಮೊದಲನೆ ಸರಕಾರಿ ಕುರ್ಚಿ ಇದು.

ಹಾಳಿಯೊಳಗ ಎಂಟು ಖಾನಿ:
ಬೈಕು, ಆಟೋ, ಕಾರು, ಟಂಟಂ,
ಬಸ್ಸು, ಲಾರಿ, ಟ್ರ್ಯಾಕ್ಟರು.
ಕಡೀಕ ಒಂದು ಸಣ್ಣ ಖಾನಿ, ಇತರೆ.
"ನಡಕೊಂಡ ಹೋಗವ್ರನ್ನ ಎಲ್ಲಿ ಬರೀಲ್ರಿ?" ಅಂದೆ.
ಸಾಹೇಬ ಜೀಪಿನ ಬಾಗಿಲಾ ಹಾಕ್ಕೊಂತ ಅಂದ:
"ರಸ್ತೆ ಅಗಲ ಮಾಡೋದಕ್ಕೆ ಈ ಲೆಕ್ಕ.
ನಡೆಯೋರೇನು ಜಾಗ ಹಿಡೀತಾರಾ?"

ಮುಂಜಾನೆ ಆರಕ್ಕ ಶುರು.
ಕಬ್ಬಿನ ಹಂಗಾಮ. ಎರಡೆರಡು ಟ್ರೇಲರ್ ಎಳಕೊಂತ
ಒಂದರ ಹಿಂದ ಒಂದು, ಎದಿ ನಡುಗಿಸೂ ಹಾಡು.
ಹಿಂದ ದೀಪ ಇಲ್ಲ; ಒಂದಕ್ಕ ಕೆಂಪು ಗೊಬ್ಬರದ ಚೀಲ,
ಒಂದಕ್ಕ ಅದೂ ಇಲ್ಲ.
ಗೀಟು ಗೀಟು ಗೀಟು ಗೀಟು. ಅಡ್ಡಗೀಟು.

ಏಳೂವರೀಗೆ ಮುರಿಗೆವ್ವ ಬಂದು ಆ ಕಡಿ ನಿಂತ್ಳು.
ಬಗಲಾಗ ಕಂಡಿಕಿ ಬುಟ್ಟಿ, ಚಪ್ಪಲಿ ಕೈಯಾಗ,
ಓಡಬೇಕಾದೀತು ಅಂತ.
ಒಂದು ಕಾಲು ಇಳಸ್ತಾಳ, ಹಾರ್ನು, ಹಿಂದಕ್ಕ ತಗೀತಾಳ.
ಹಂಗ ಹನ್ನೊಂದು ನಿಮಿಷ. ಗಡಿಯಾರ ನೋಡೇ ಬರದೇನಿ.
ಫುಟ್‌ಪಾತ್ ಅನ್ನೂದು ಐತಿ; ಅದರ ಮ್ಯಾಲೆ
ಮೊಬೈಲ್ ಕವರಿನ ಗಾಡಿ, ಗಿರ್ಮಿಟ್ಟಿನ ಒಲಿ,
ಬ್ಯಾನರಿನ ಕಂಬ, ಬಾಯಿ ತೆರದ ಗಟಾರ.

ಆಮ್ಯಾಲೆ ಬಂತು ಗೌಳ್ಯಾರ ಎಮ್ಮಿ.
ತನ್ನ ಪಾಡಿಗೆ ತಾನು, ಮೆಲುಕು ಹಾಕ್ಕೊಂತ, ರಸ್ತಾ ನಡುವ.
ಬಸ್ಸು ನಿಂತಿತು. ಟಂಟಂ ನಿಂತಿತು. ಬೈಕಿನ ಹುಡುಗ ಬೈದು ನಿಂತ.
ಎಮ್ಮಿ ಬೆನ್ನಿನ ಮರೀಗೆ, ತೇರಿನ ಹಗ್ಗ ಅಲ್ಲ, ಬರೇ ಬಾಲ ನೋಡಕೊಂತ
ಮುರಿಗೆವ್ವ ದಾಟಿದ್ಳು.
"ದಿನಾ ಇದರ ಟೈಮಿಗೇ ಬರ್ತೀನಪಾ," ಅಂದ್ಳು ಬಾಜೂಕ ಕುಂತು.
"ಐತವಾರ ಇದನ್ನ ಹೊಳಿಗೆ ಮೈ ತೊಳಿಯಾಕ ಒಯ್ತಾರ.
ಅವತ್ತ ನಾನೂ ಮನಿ ಬಿಡೂದಿಲ್ಲ."

ಇತರೆ ಖಾನಿಯೊಳಗ ಎಮ್ಮಿಗೆ ಒಂದು ಗೀಟು ಹಾಕಿದೆ.
ಸ್ವಲ್ಪ ವಿಚಾರ ಮಾಡಿ, ಅದರ ಬಾಜೂಕ ಇನ್ನೊಂದು.

ಎರಡನೆ ದಿನ ಖಾನಿ ಸಾಲಲಿಲ್ಲ.
ಅಂಚಿಗೆ, ಹಾಳಿಯ ಬೆನ್ನಿಗೆ, ನನ್ನ ಅಂಗೈಗೆ ಬರದೆ:
ಉರ್ದು ಶಾಲಿಯ ಹುಡುಗ್ಯಾರು, ಒಬ್ಬರ ಪಾಟಿಚೀಲ ಒಬ್ಬರು ಹಿಡದು, ಇಪ್ಪತ್ತಾರು;
ಡಯಾಲಿಸಿಸ್ಸಿಗೆ ಹೊಂಟ ಬಣ್ಣಗಾರ ಕಲ್ಲಪ್ಪ, ಹೋಗಾಕ ಒಮ್ಮೆ, ಬರಾಕ ಒಮ್ಮೆ;
ಕಣ್ಣು ಕಾಣದ ರಾಜೇಸಾಬ, ಸದ್ದು ತೆಳ್ಳಗಾಗೂ ತನಕ ಕಾಯ್ತಾನ.
ಈಗ ಅದು ತೆಳ್ಳಗಾಗೂದ ಇಲ್ಲ.

ಮಗ್ಗದ ಮಂದಿ ನಾವು, ನಮಗ ಇದು ತಿಳೀತೈತಿ.
ಉದ್ದಕ್ಕ ಹರಿಯೂದು ಹಾಸು, ಅಡ್ಡ ದಾಟೂದು ಹೊಕ್ಕು.
ಬರೇ ಹಾಸಿನಿಂದ ಯಾರರ ಸೀರಿ ನೇಯ್ದಾರ?
ಹಾಸು ಬಾಯಿ ತಗೀತೈತಿ, ಲಾಳಿ ಹಾಯ್ತೈತಿ,
ಹಾಸು ಬಾಯಿ ಮುಚ್ಚತೈತಿ.
ಒಂದು ಗಳಿಗಿ. ಅಷ್ಟ.
ಬಾಯಿ ತಗೀದ ಲಾಳಿ ಬಿಟ್ರ ಎಳಿ ಹರೀತಾವ,
ಲಾಳಿ ಮುರೀತೈತಿ.
ಹೋದ ವರ್ಷ ಇದ ಜಾಗಾದಾಗ
ನಮ್ಮ ಓಣಿಯ ಒಂದು ಲಾಳಿ ಮುರೀತು. ಹೆಸರ ಹೇಳೂದಿಲ್ಲ.
ಅವರವ್ವ ಇನ್ನೂ ಈ ದಾರೀಲೆ ಹಾಯ್ತಾಳ.

ಮೂರನೆ ಸಂಜಿ ಕರೆಂಟ್ ಹೋತು. ಮಗ್ಗ ನಿಂತವು.
ನಮ್ಮೂರಾಗ ಆ ಸದ್ದು ನಿಂತ್ರ ಕಿವಿ ಕೆಟ್ಟಂಗ ಅನಸ್ತೈತಿ.
ಚಾದ ಸಲುವಾಗಿ ಮಂದಿ ಹೊರಗ ಬಂತು,
ರಸ್ತಾ ಅಂಚಿಗೆ ಬಂದು ಗಪ್ ನಿಂತಿತು.
ನಾ ಯಾಕ ಎದ್ದೆನೋ ಗೊತ್ತಿಲ್ಲ.
ಪ್ಯಾಡು ಎತ್ತಿ ಹಿಡಕೊಂಡು ನಡುವ ಹೋಗಿ ನಿಂತೆ.
ದೀಪ ಮಾರಿ ಮ್ಯಾಲೆ. ಬ್ರೇಕಿನ ಚೀರು.
ಕಬ್ಬು ಮುಂದಕ್ಕ ವಾಲಿ ಹಿಂದಕ್ಕ ಕುಂತಿತು.
ಸರಕಾರಿ ಹಾಳಿ ನೋಡಿ ಡ್ರೈವರ್ ಹಾಡು ಸಣ್ಣದು ಮಾಡಿದ:
"ಏನ್ರಿ ಸಾಹೇಬ್ರ, ಚೆಕಿಂಗ?"
"ಹೂಂ," ಅಂದೆ.

ಮಂದಿ ದಾಟಿತು. ಯಾರೂ ಓಡಲಿಲ್ಲ.
ಮುರಿಗೆವ್ವ ಚಪ್ಪಲಿ ಕಾಲಾಗ ಹಾಕ್ಕೊಂಡು ದಾಟಿದ್ಳು.

ಎಷ್ಟ ಮಂದಿ ಅಂತ ಕೇಳಬ್ಯಾಡ್ರಿ.
ಆರರಿಂದ ಆರೂಕಾಲರ ತನಕ ಹಾಳಿ ಖಾಲಿ ಐತಿ.
ಷರಾದಾಗ ಒಂದು ಸಾಲು ಬರದೆ: ಹಾಸು ಬಾಯಿ ತಗೀಬೇಕು.
ಸಾಹೇಬ ಎರಡು ಸಲ ಓದಿದ. ತಿಳೀಲಿಲ್ಲ.
ಲೆಕ್ಕ ಇಲ್ಲದ ಕಾಲು ತಾಸಿಗೆ
ಐವತ್ತು ರೂಪಾಯಿ ಮುರಕೊಂಡ.